ಇಸ್ತಾಂಬುಲ್ ಅರ್ಥವಾಗಬೇಕೆ? ಮೊದಲು ನೀರು ನೋಡಿ

ಇಸ್ತಾಂಬುಲ್‌ಗೆ ಹೋಗಿ ಬಂದವರ ಫೋಟೋಗಳಲ್ಲಿ ಒಂದಂತೂ ಇದ್ದೇ ಇರುತ್ತದೆ. ಹಿಂದೆ ತೂಗುಸೇತುವೆ, ಕೆಳಗೆ ನೀಲಿ ನೀರು, ಮೇಲೆ ಕಡಲಹಕ್ಕಿ. ಜೊತೆಗೆ ಒಂದು ಸಾಲು: ‘ಈ ಕಡೆ ಯುರೋಪು, ಆ ಕಡೆ ಏಷ್ಯಾ.’ ತಪ್ಪೇನಿಲ್ಲ, ನಕ್ಷೆಯಲ್ಲಿ ಹಾಗೇ ಇದೆ. ಆದರೆ ನೆಲದ ಲೆಕ್ಕವೇ ಬೇರೆ.

ಬಾಸ್ಫರಸ್ ಜಲಸಂಧಿಯ ಎರಡೂ ದಡ ಕೂತಿರುವುದು ಒಂದೇ ಭೂಫಲಕದ ಮೇಲೆ. ಅದು ಯುರೇಷಿಯನ್ ಫಲಕ. ಅದಕ್ಕೂ ಅನಟೋಲಿಯನ್ ಫಲಕಕ್ಕೂ ನಡುವಿನ ಬಿರುಕು ಇರುವುದು ನಗರದ ದಕ್ಷಿಣಕ್ಕೆ, ಮರ್ಮರಾ ಸಮುದ್ರದ ತಳದಲ್ಲಿ. ಅದು ಫೋಟೋಗೆ ಸಿಗುವ ಜಾಗ ಅಲ್ಲ. ಬಾಸ್ಫರಸ್ ಅಂದರೆ ಸಮುದ್ರದ ನೀರು ನುಗ್ಗಿ ಮುಳುಗಿದ ಹಳೆಯ ನದಿ ಕಣಿವೆ, ಅಷ್ಟೇ. ಯುರೋಪು, ಏಷ್ಯಾ ಅಂತ ಹೆಸರಿಟ್ಟವರು ಹಳೆಯ ಗ್ರೀಕರು. ಹಡಗಿನಲ್ಲಿ ಉತ್ತರಕ್ಕೆ ಹೋಗುವವರಿಗೆ ಎಡಕ್ಕೊಂದು ದಡ, ಬಲಕ್ಕೊಂದು ದಡ. ಎರಡಕ್ಕೂ ಒಂದೊಂದು ಹೆಸರು ಬೇಕಿತ್ತು.

ಹಾಗಾಗಿ ‘ಖಂಡಗಳು ಸೇರುವ ಊರು’ ಅನ್ನುವ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಿಂದ ಊರಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಇಷ್ಟು ದೊಡ್ಡ ನಗರ ಇಲ್ಲೇ ಯಾಕೆ ಬೆಳೆಯಿತು? ಇದಕ್ಕಾಗಿ ಅಷ್ಟೊಂದು ಜನ ಯಾಕೆ ಹೊಡೆದಾಡಿದರು? ಸುತ್ತ ಸಮುದ್ರ ಇಟ್ಟುಕೊಂಡು ನೆಲದಡಿಯಲ್ಲಿ ಕೆರೆ ಯಾಕೆ ಕಟ್ಟಿದರು? ನೀರಿನಿಂದ ಶುರು ಮಾಡಿದರೆ ಇವೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಎದುರು ದಡದ ಕುರುಡರು

ಬಾಸ್ಫರಸ್ ಅನ್ನುವ ಗ್ರೀಕ್ ಹೆಸರಿಗೆ ‘ದನ ದಾಟಿದ ಜಾಗ’ ಎಂದು ಅರ್ಥ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ದನದ ಕಡವು. ದೇವರಾಜ ಜ್ಯೂಸ್ ಮೆಚ್ಚಿದ ಇಯೋ ಎಂಬ ಹುಡುಗಿ ಹಸುವಾಗಿ, ಬೆನ್ನಟ್ಟಿದ ನೊಣದ ಕಾಟ ತಾಳಲಾರದೆ ಇಲ್ಲಿ ನೀರು ದಾಟಿದಳಂತೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಅನ್ನುವ ಹೆಸರಿಗೂ ಇದೇ ಅರ್ಥ, ಗೊತ್ತಾ?

ಈ ಕಡವಿನ ಉದ್ದ ಸುಮಾರು 30 ಕಿ.ಮೀ. ಉತ್ತರದ ತುದಿಯಲ್ಲಿ ಕಪ್ಪು ಸಮುದ್ರ, ದಕ್ಷಿಣದ ತುದಿಯಲ್ಲಿ ಮರ್ಮರಾ. ತೀರಾ ಕಿರಿದಾದ ಕಡೆ ಅಗಲ ಬರೀ 700 ಮೀಟರ್. ದಕ್ಷಿಣದ ಬಾಯಿಯ ಹತ್ತಿರ, ಯುರೋಪ್ ದಡದೊಳಕ್ಕೆ ಒಂದು ಉದ್ದನೆಯ ಹಿನ್ನೀರು ಕೊಂಬಿನ ಹಾಗೆ ಬಾಗಿ ನುಗ್ಗಿದೆ. ಅದೇ ಗೋಲ್ಡನ್ ಹಾರ್ನ್. ತುರ್ಕರು ಅದನ್ನು ಹಾಲಿಚ್ ಅನ್ನುತ್ತಾರೆ. ಬಾಸ್ಫರಸ್, ಹಾಲಿಚ್, ಮರ್ಮರಾ, ಈ ಮೂರರ ನಡುವೆ ಚಾಚಿಕೊಂಡ ನೆಲದ ಮೂತಿಯೇ ಹಳೆಯ ನಗರ. ಮೂರು ಕಡೆ ನೀರು, ಒಂದೇ ಕಡೆ ನೆಲ. ಒಂದು ಗೋಡೆ ಕಟ್ಟಿದರೆ ಕೋಟೆ ಮುಗಿಯಿತು.

ಇಷ್ಟು ಒಳ್ಳೆಯ ಜಾಗ ಮೊದಲು ಬಂದವರ ಕಣ್ಣಿಗೆ ಬೀಳಲಿಲ್ಲ ಅನ್ನುವುದು ತಮಾಷೆ. ಕ್ರಿ.ಪೂ. 7ನೇ ಶತಮಾನದಲ್ಲಿ ಗ್ರೀಸಿನಿಂದ ಬಂದವರು ಮೊದಲು ಊರು ಕಟ್ಟಿದ್ದು ಎದುರಿನ ಏಷ್ಯಾ ದಡದಲ್ಲಿ. ಅದರ ಹೆಸರು ಚಾಲ್ಸಿಡಾನ್, ಈಗಿನ ಕಡಿಕೊಯ್. ಹದಿನೇಳು ವರ್ಷ ಆದಮೇಲೆ ಈ ಕಡೆ ಬೈಜಾಂಟಿಯಂ ಹುಟ್ಟಿತು. ಪರ್ಷಿಯಾದ ಸೇನಾಪತಿ ಮೆಗಬಾಜಸ್ ಇದನ್ನು ಕೇಳಿ, ‘ಹಾಗಾದರೆ ಚಾಲ್ಸಿಡಾನಿನವರು ಆಗ ಕುರುಡರಾಗಿದ್ದಿರಬೇಕು’ ಎಂದನಂತೆ. ಈ ಮಾತನ್ನು ದಾಖಲಿಸಿದವನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್.

ಕುರುಡರು ಕಳೆದುಕೊಂಡದ್ದು ಕೋಟೆಯ ಜಾಗ ಮಾತ್ರ ಅಲ್ಲ, ಮೀನು ಕೂಡ. ಕಪ್ಪು ಸಮುದ್ರದ ಮೀನಿನ ಹಿಂಡುಗಳು ಈ ಕಾಲುವೆಯಲ್ಲೇ ದಕ್ಷಿಣಕ್ಕೆ ಇಳಿಯಬೇಕು. ಚಾಲ್ಸಿಡಾನ್ ಕಡೆ ನೀರಿನಡಿ ಒಂದು ಬಿಳಿ ಬಂಡೆ ಇದೆ, ಅದನ್ನು ಕಂಡು ಮೀನು ಬೆದರಿ ಎದುರು ದಡಕ್ಕೆ ತಿರುಗುತ್ತದೆ, ಸೆಳವು ಅದನ್ನು ಹಾಲಿಚ್‌ಗೆ ತಳ್ಳುತ್ತದೆ ಎಂದು ಹಳೆಯ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಬಂಡೆಯ ಕಥೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮೀನಂತೂ ನಿಜ. ಬೈಜಾಂಟಿಯಮ್ಮಿನ ಹಳೆಯ ಬೆಳ್ಳಿ ನಾಣ್ಯದ ಮೇಲೆ ಡಾಲ್ಫಿನ್, ಅದರ ಬೆನ್ನ ಮೇಲೆ ಹಸು. ಊರಿನ ಬಂಡವಾಳ ಏನು ಅಂತ ಒಂದೇ ಚಿತ್ರದಲ್ಲಿ ಹೇಳಿಬಿಟ್ಟಿದ್ದಾರೆ. ಇವತ್ತಿಗೂ ಹಾಲಿಚ್ ಮೇಲಿನ ಗಲಾಟಾ ಸೇತುವೆಯ ಕಟಕಟೆಯ ಉದ್ದಕ್ಕೂ ಗಾಳದ ಕೋಲು ಹಿಡಿದು ನಿಂತವರನ್ನು ನೋಡಬಹುದು.

ಮೇಲೊಂದು ಹೊಳೆ, ಕೆಳಗೊಂದು ಹೊಳೆ

ಈ ನೀರಿನ ನಿಜವಾದ ಸೋಜಿಗ ಮೇಲಿಂದ ಕಾಣುವುದಿಲ್ಲ. ಬಾಸ್ಫರಸ್‌ನಲ್ಲಿ ಒಂದಲ್ಲ, ಎರಡು ಹರಿವು ಇದೆ. ಮೇಲಿನ ನೀರು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದರಡಿಯಲ್ಲೇ ಇನ್ನೊಂದು ನೀರು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿರುತ್ತದೆ.

ಕಾರಣ ಉಪ್ಪು. ಕಪ್ಪು ಸಮುದ್ರಕ್ಕೆ ಡ್ಯಾನ್ಯೂಬ್, ನೀಪರ್‌ನಂಥ ದೊಡ್ಡ ನದಿಗಳು ಬಂದು ಬೀಳುತ್ತವೆ. ಆದ್ದರಿಂದ ಅಲ್ಲಿ ನೀರು ಜಾಸ್ತಿ, ಉಪ್ಪು ಕಡಿಮೆ. ಮೆಡಿಟರೇನಿಯನ್ ಕಡೆಯಿಂದ ಬರುವ ನೀರಿನಲ್ಲಿ ಉಪ್ಪು ಅದರ ಎರಡರಷ್ಟು. ಉಪ್ಪು ಜಾಸ್ತಿ ಇರುವ ನೀರು ಭಾರ, ಅದು ತಳ ಹಿಡಿದು ನುಗ್ಗುತ್ತದೆ. ಉಪ್ಪು ಕಡಿಮೆ ಇರುವ ನೀರು ಹಗುರ, ಅದು ಮೇಲೆ ಜಾರುತ್ತದೆ. ಮೀನುಗಾರರಿಗೆ ಇದು ಮೊದಲೇ ಗೊತ್ತಿತ್ತು. ಬಲೆಯ ಮೇಲ್ಭಾಗ ಒಂದು ಕಡೆ, ಆಳಕ್ಕಿಳಿದ ಭಾಗ ಇನ್ನೊಂದು ಕಡೆ ಎಳೆಯುತ್ತದೆ ಎಂದು ಅವರು ಹೇಳುವುದನ್ನು 6ನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. 1680ರ ಸುಮಾರಿಗೆ ಲುಯಿಜಿ ಮಾರ್ಸಿಲಿ ಎಂಬ ಇಟಲಿಯ ತರುಣ ಬಂದು, ಹಗ್ಗಕ್ಕೆ ಭಾರ ಕಟ್ಟಿ, ನಡುನಡುವೆ ಬಿಳಿ ಬಣ್ಣದ ಬೆಂಡಿನ ತುಂಡು ಪೋಣಿಸಿ ಇಳಿಬಿಟ್ಟ. ಮೇಲಿನ ಬೆಂಡುಗಳು ದಕ್ಷಿಣಕ್ಕೆ ವಾಲಿದವು, ಆಳದವು ಉತ್ತರಕ್ಕೆ. ಆಮೇಲೆ ಒಂದು ಪೆಟ್ಟಿಗೆಯಲ್ಲಿ ಉಪ್ಪುನೀರು, ಸಿಹಿನೀರು ತುಂಬಿ ಇದನ್ನೇ ಮಾಡಿ ತೋರಿಸಿದ. ಸಮುದ್ರ ವಿಜ್ಞಾನದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಹಡಗಿನವರಿಗೆ ಮಾತ್ರ ಇದು ತಲೆನೋವು. ಸೆಳವು ಜೋರು, ದಾರಿ ಅಂಕುಡೊಂಕು. ದೊಡ್ಡ ಹಡಗು ಈ 30 ಕಿ.ಮೀ.ಯಲ್ಲಿ ಕಡಿಮೆ ಅಂದರೂ 12 ಸಲ ದಿಕ್ಕು ಬದಲಿಸಬೇಕು. ಯೆನಿಕೊಯ್ ಹತ್ತಿರದ ತಿರುವು 80 ಡಿಗ್ರಿ. ಎದುರಿಗೆ ಏನು ಬರುತ್ತಿದೆ ಅಂತಲೂ ಅಲ್ಲಿ ಕಾಣುವುದಿಲ್ಲ.

ಸುತ್ತ ನೀರು, ಕುಡಿಯಲು ಇಲ್ಲ

ಕ್ರಿ.ಶ. 330ರ ಮೇ 11ರಂದು ಚಕ್ರವರ್ತಿ ಕಾನ್‌ಸ್ಟಂಟೈನ್ ಇದನ್ನು ರೋಮ್ ಸಾಮ್ರಾಜ್ಯದ ಹೊಸ ರಾಜಧಾನಿ ಎಂದು ಘೋಷಿಸಿದ. ಜನ ಬಂದು ತುಂಬಿಕೊಂಡರು. ಆಗ ಎದ್ದಿತು ಹಳೆಯ ಸಮಸ್ಯೆ. ಮೂರು ಕಡೆ ನೀರಿದ್ದರೂ ಎಲ್ಲ ಉಪ್ಪು. ಊರೊಳಗೆ ಹೇಳಿಕೊಳ್ಳುವಂಥ ನದಿ ಇಲ್ಲ. ಶತ್ರು ಮುತ್ತಿಗೆ ಹಾಕಿದರೆ ಗೋಡೆ ಬೀಳುವ ಮೊದಲು ಬಾಯಾರಿಕೆಯೇ ಊರನ್ನು ಬೀಳಿಸುತ್ತದೆ.

ಅದಕ್ಕೆ ಅವರು ಪಶ್ಚಿಮದ ತ್ರೇಸ್ ಬೆಟ್ಟಗಳಿಂದ 200 ಕಿ.ಮೀ.ಗೂ ಉದ್ದದ ಕಾಲುವೆ ತಂದರು. ಅದರ ಒಂದು ತುಂಡು ಈಗಲೂ ನಗರದ ನಡುವೆ ನಿಂತಿದೆ. ವ್ಯಾಲೆನ್ಸ್ ಎಂಬ ಚಕ್ರವರ್ತಿಯ ಕಾಲದ್ದು, ಎರಡಂತಸ್ತಿನ ಕಮಾನುಗಳ ಸಾಲು. ಅದರ ಕೆಳಗೆ ಈಗ ಬಸ್ಸು, ಕಾರು ಓಡಾಡುತ್ತವೆ. ಬಂದ ನೀರನ್ನು ಕೂಡಿಡಲು ನೂರಕ್ಕೂ ಹೆಚ್ಚು ನೆಲದಡಿಯ ತೊಟ್ಟಿಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು ಬೆಸಿಲಿಕಾ ಸಿಸ್ಟರ್ನ್. ಜಸ್ಟಿನಿಯನ್ ದೊರೆ 6ನೇ ಶತಮಾನದಲ್ಲಿ ಕಟ್ಟಿಸಿದ್ದು. ಉದ್ದ ಸುಮಾರು 140 ಮೀಟರ್, ಅಗಲ 65. ಒಳಗೆ 336 ಕಂಬ.

ಈ ಕಂಬಗಳನ್ನು ಗಮನವಿಟ್ಟು ನೋಡಿ. ಎಲ್ಲ ಒಂದೇ ಥರ ಇಲ್ಲ. ಹೆಚ್ಚಿನವನ್ನು ಎಲ್ಲೆಲ್ಲೋ ಹಳೆಯ ಕಟ್ಟಡಗಳಿಂದ ಕಿತ್ತು ತಂದು ನಿಲ್ಲಿಸಿದ್ದಾರೆ. ಮೂಲೆಯ ಎರಡು ಕಂಬದ ಬುಡದಲ್ಲಿ ಮೆಡೂಸಾ ಎಂಬ ಹಾವುಗೂದಲ ರಾಕ್ಷಸಿಯ ತಲೆ. ಒಂದು ತಲೆಕೆಳಗು, ಇನ್ನೊಂದು ಅಡ್ಡ. ಗೈಡ್‌ಗಳು ಇದಕ್ಕೆ ಭಯಂಕರ ಕಥೆ ಕಟ್ಟುತ್ತಾರೆ. ನನಗನ್ನಿಸುವುದು ಇಷ್ಟೇ: ಕಂಬ ಗಿಡ್ಡ ಆಯಿತು, ಕೆಳಗೆ ಇಡಲು ಒಂದು ಕಲ್ಲು ಬೇಕಿತ್ತು, ಕೈಗೆ ಸಿಕ್ಕಿದ್ದು ಇದು. ನೀರಲ್ಲಿ ಮುಳುಗುವ ಕಲ್ಲು, ಯಾರು ನೋಡುತ್ತಾರೆ?

ಕಾಲ ಕಳೆದಂತೆ ಈ ತೊಟ್ಟಿ ಇದೆ ಅನ್ನುವುದೇ ಹೊರಗಿನವರಿಗೆ ಮರೆತುಹೋಯಿತು. 1540ರ ದಶಕದಲ್ಲಿ ಪಿಯೆರ್ ಜಿಲ್ ಎಂಬ ಫ್ರೆಂಚ್ ವಿದ್ವಾಂಸ ಹಳೆಯ ನಗರದ ಗುರುತು ಹುಡುಕುತ್ತ ಬಂದ. ಇಲ್ಲಿನ ಮನೆಗಳವರು ನೆಲದ ತೂತಿನಿಂದ ಕೊಡ ಇಳಿಬಿಟ್ಟು ನೀರು ಸೇದುವುದನ್ನು, ಕೆಲವೊಮ್ಮೆ ಮೀನು ಹಿಡಿಯುವುದನ್ನು ತಿಳಿದ. ಒಬ್ಬರ ಮನೆಯೊಳಗಿಂದ ಇಳಿದು, ಪಂಜಿನ ಬೆಳಕಲ್ಲಿ ದೋಣಿಯಲ್ಲಿ ಸುತ್ತಿ ಬಂದ. ಮೇಲೆ ಅಡುಗೆಮನೆ, ಕೆಳಗೆ ಸಾವಿರ ವರ್ಷದ ಕೆರೆ.

ಚೌಕದ ಮೇಲೆ ಗುಂಡು

ಸಿಸ್ಟರ್ನ್‌ನಿಂದ ರಸ್ತೆ ದಾಟಿದರೆ ಹಗಿಯಾ ಸೋಫಿಯಾ. 532ರ ಜನವರಿಯಲ್ಲಿ ಕುದುರೆ ರಥದ ಪಂದ್ಯದ ಗುಂಪುಗಳು ದಂಗೆ ಎದ್ದು ಅರ್ಧ ಊರನ್ನೇ ಸುಟ್ಟವು, ಅಲ್ಲಿದ್ದ ಹಳೆಯ ಚರ್ಚೂ ಉರಿದುಹೋಯಿತು. ಜಸ್ಟಿನಿಯನ್ ದಂಗೆಯನ್ನು ರಕ್ತ ಹರಿಸಿ ಅಡಗಿಸಿದ, ಮರುತಿಂಗಳೇ ಹೊಸ ಚರ್ಚ್ ಶುರು ಮಾಡಿಸಿದ. 537ರ ಡಿಸೆಂಬರ್‌ಗೆ ಮುಗಿದೇಹೋಯಿತು. ಆರು ವರ್ಷ ಕೂಡ ತುಂಬಲಿಲ್ಲ.

ಇದರಲ್ಲಿ ಏನು ವಿಶೇಷ ಅಂತ ಹೇಳದೆ ಒಳಗೆ ಹೋದರೆ, ‘ದೊಡ್ಡದಾಗಿದೆ’ ಅಂದುಕೊಂಡು ಹೊರಗೆ ಬರುತ್ತೀರಿ. ಆದ್ದರಿಂದ ಸ್ವಲ್ಪ ತಾಳ್ಮೆ ಇರಲಿ. ಗುಂಡಗಿನ ಗೋಡೆಯ ಮೇಲೆ ಗುಂಡಗಿನ ಗುಮ್ಮಟ ಕೂರಿಸುವುದು ರೋಮನ್ನರಿಗೆ ಮೊದಲೇ ಗೊತ್ತಿತ್ತು. ಇಲ್ಲಿ ಕೆಳಗಿರುವುದು ಚೌಕ, ಮೇಲೆ ಬರಬೇಕಾದ್ದು ವೃತ್ತ. ಚೌಕದ ಮೇಲೆ ಬಟ್ಟಲು ಬೋರಲು ಹಾಕಿದರೆ ನಾಲ್ಕು ಮೂಲೆ ಖಾಲಿ ಉಳಿಯುತ್ತದೆ, ಅಲ್ವಾ? ಆಂತೆಮಿಯಸ್, ಇಸಿಡೋರ್ ಎಂಬ ಇಬ್ಬರು ಆ ಮೂಲೆಗಳಿಗೆ ಬಾಗಿದ ತ್ರಿಕೋನಗಳನ್ನು ಕೂರಿಸಿದರು. ಕೆಳಗೆ ಚೂಪು, ಮೇಲೆ ಅಗಲ. ನಾಲ್ಕು ತ್ರಿಕೋನ ಮೇಲೆ ಹೋಗಿ ಒಂದಕ್ಕೊಂದು ಕೂಡಿದಾಗ ಒಂದು ವೃತ್ತವೇ ಆಗುತ್ತದೆ. ಗುಮ್ಮಟದ ಭಾರ ಆ ತ್ರಿಕೋನಗಳಿಂದ ಇಳಿದು ನಾಲ್ಕು ದಪ್ಪ ಕಂಬಗಳಿಗೆ ಸೇರುತ್ತದೆ. ಗುಮ್ಮಟದ ಅಡ್ಡಳತೆ ಸುಮಾರು 31 ಮೀಟರ್. ಅದರ ಬುಡದ ಸುತ್ತ 40 ಕಿಟಕಿ. ಅವುಗಳಿಂದ ಬೆಳಕು ನುಗ್ಗಿದಾಗ ಗುಮ್ಮಟ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ.

ಇದೇ ಲೆಕ್ಕವನ್ನು ಬಿಡಿಸಿದ ಇನ್ನೊಂದು ಕಟ್ಟಡ ನಮ್ಮಲ್ಲೇ ಇದೆ, ವಿಜಯಪುರದ ಗೋಳಗುಮ್ಮಟ. 17ನೇ ಶತಮಾನದ್ದು, ಹಗಿಯಾ ಸೋಫಿಯಾಗಿಂತ ದೊಡ್ಡ ಗುಮ್ಮಟ. ಆದರೆ ಅಲ್ಲಿ ಉಪಾಯ ಬೇರೆ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ, ಅವುಗಳ ಮೇಲೆ ಗುಮ್ಮಟ. ಗೋಳಗುಮ್ಮಟಕ್ಕೆ ಹೋದವರು ಪಿಸುಗುಟ್ಟಿ ಪ್ರತಿಧ್ವನಿ ಕೇಳಿ ಬರುತ್ತಾರೆ. ಮುಂದಿನ ಸಲ ತಲೆ ಎತ್ತಿ ಮೂಲೆಗಳನ್ನೂ ನೋಡಿ.

ಹಗಿಯಾ ಸೋಫಿಯಾದ ಮೊದಲ ಗುಮ್ಮಟ ತೀರಾ ಚಪ್ಪಟೆಯಾಗಿತ್ತು. ಭೂಕಂಪಕ್ಕೆ ಸಡಿಲಾಗಿ 558ರಲ್ಲಿ ಬಿತ್ತು. ಮತ್ತೆ ಎತ್ತರ ಮಾಡಿ ಕಟ್ಟಿದರು. ಸುಮಾರು ಸಾವಿರ ವರ್ಷದ ನಂತರ ಸಿನಾನ್ ಎಂಬ ಒಟ್ಟೋಮನ್ ವಾಸ್ತುಶಿಲ್ಪಿ ಹೊರಗಿನಿಂದ ದಪ್ಪ ಊರುಗೋಡೆ ಕೊಟ್ಟು ಭದ್ರಪಡಿಸಿದ. ಕ್ರಿಶ್ಚಿಯನ್ ಮನೆಯಲ್ಲಿ ಹುಟ್ಟಿ ಸುಲ್ತಾನನ ಸೇವೆಗೆ ಸೇರಿದವನು ಸಿನಾನ್. ತಾನು ಕಟ್ಟಿದ ಸುಲೇಮಾನಿಯೆ ಮಸೀದಿಯಲ್ಲಿ ಈ ಗುಮ್ಮಟದ ಜೊತೆ ವಾದಕ್ಕೆ ಕೂತ ಹಾಗೆ ಕಾಣುತ್ತಾನೆ. ಎರಡನ್ನೂ ಒಂದೇ ದಿನ ನೋಡಿದರೆ ಆ ವಾದ ಕೇಳಿಸುತ್ತದೆ. ಜನ ಕಡಿಮೆ ಇರುವುದು, ಮನಸ್ಸಿಗೆ ನೆಮ್ಮದಿ ಕೊಡುವುದು ಸುಲೇಮಾನಿಯೆಯೇ.

ಚರ್ಚ್ ಆಗಿದ್ದ ಹಗಿಯಾ ಸೋಫಿಯಾ 1453ರಲ್ಲಿ ಮಸೀದಿಯಾಯಿತು. 1935ರಲ್ಲಿ ಮ್ಯೂಸಿಯಂ ಆಯಿತು. 2020ರಲ್ಲಿ ಮತ್ತೆ ಮಸೀದಿ. 2024ರಿಂದ ಪ್ರವಾಸಿಗರಿಗೆ ಮೇಲಂತಸ್ತಿಗೆ ಮಾತ್ರ ಪ್ರವೇಶ, ಟಿಕೆಟ್ಟೂ ಇದೆ. ಕೆಳಗಿನ ಅಂಗಳ ನಮಾಜಿಗೆ. ಹತ್ತಿರ ಹೋಗಲಾಗದಿದ್ದರೇನು, ಮೇಲೆ ನೋಡಲು ಬೇಕಾದಷ್ಟಿದೆ. ಚಿನ್ನದ ಮೊಸಾಯಿಕ್ ಚಿತ್ರಗಳಿವೆ. ಬಿಳಿಕಲ್ಲಿನ ಕಟಕಟೆಯ ಮೇಲೆ ಉತ್ತರ ಯುರೋಪಿನಿಂದ ಬಂದ ಯಾವನೋ ವೈಕಿಂಗ್ ತನ್ನ ಹೆಸರು ಕೆತ್ತಿಹೋಗಿದ್ದಾನೆ. ದೇವಸ್ಥಾನದ ಕಂಬದ ಮೇಲೆ ಹೆಸರು ಗೀಚುವ ಚಟ ಇವತ್ತಿನದಲ್ಲ.

ಸರಪಳಿ ಹಾಕಿದ ಬಾಗಿಲು

ನೆಲದ ಕಡೆಯ ಗೋಡೆ 5ನೇ ಶತಮಾನದ್ದು. ಉದ್ದ ಸುಮಾರು 6 ಕಿ.ಮೀ. ಮೊದಲು ಕಂದಕ, ಆಮೇಲೆ ಒಂದು ಗೋಡೆ, ಅದರ ಹಿಂದೆ ಇನ್ನೂ ಎತ್ತರದ ಗೋಡೆ. ಸಾವಿರ ವರ್ಷ ಇದನ್ನು ಯಾರೂ ಬಗ್ಗಿಸಲಿಲ್ಲ. ಸಮುದ್ರದಿಂದ ಬಂದವರಿಗೆ ನೀರಿನ ಮೇಲೂ ಉರಿಯುವ ಒಂದು ದ್ರವ ಎರಚುತ್ತಿದ್ದರು. ‘ಗ್ರೀಕ್ ಬೆಂಕಿ’ ಅನ್ನುವ ಅದರ ಪಾಕ ಏನೆಂಬುದು ಅವರೊಂದಿಗೇ ಮಣ್ಣಾಯಿತು. ಇನ್ನು ಹಾಲಿಚ್‌ನ ಬಾಯಿ. ಅಲ್ಲಿ ಸೆಳವು ಇಲ್ಲ, ಗೋಡೆಯೂ ಅಷ್ಟು ಗಟ್ಟಿ ಇಲ್ಲ. ಅದಕ್ಕೆ ದಡದಿಂದ ದಡಕ್ಕೆ ಒಂದು ಕಬ್ಬಿಣದ ಸರಪಳಿ. ಅದರ ತುಂಡುಗಳನ್ನು ಇಲ್ಲಿನ ಮ್ಯೂಸಿಯಂಗಳಲ್ಲಿ ಇಟ್ಟಿದ್ದಾರೆ. ಒಂದೊಂದು ಕೊಂಡಿಯೂ ತೋಳಿನಷ್ಟು ದಪ್ಪ.

ಅಂದರೆ ಊರಿನ ಮೆತ್ತಗಿನ ಜಾಗ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. 1204ರಲ್ಲಿ ಜೆರುಸಲೇಮಿಗೆ ಹೊರಟಿದ್ದ ನಾಲ್ಕನೇ ಕ್ರುಸೇಡಿನ ಕ್ರಿಶ್ಚಿಯನ್ ಸೈನಿಕರೇ ಹಾಲಿಚ್ ಕಡೆಯಿಂದ ಒಳನುಗ್ಗಿ ಈ ಕ್ರಿಶ್ಚಿಯನ್ ನಗರವನ್ನು ಲೂಟಿ ಮಾಡಿದರು. ಕುದುರೆ ಪಂದ್ಯದ ಮೈದಾನದಲ್ಲಿದ್ದ ನಾಲ್ಕು ಲೋಹದ ಕುದುರೆಗಳು ವೆನಿಸ್‌ಗೆ ಹೋದವು, ಈಗಲೂ ಅಲ್ಲೇ ಇವೆ. ಆ ಪೆಟ್ಟಿನಿಂದ ನಗರ ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ತುರ್ಕರು ಈ ನಗರವನ್ನು ಗೆದ್ದ 1453 ಎಲ್ಲರ ಬಾಯಲ್ಲೂ ಇದೆ, 1204ರ ಬಗ್ಗೆ ಮಾತೇ ಇಲ್ಲ.

1453ರ ಲೆಕ್ಕವೂ ನೀರಿನದೇ. ಹಿಂದಿನ ವರ್ಷವೇ ಒಟ್ಟೋಮನ್ ತುರ್ಕರ ಸುಲ್ತಾನ್ 2ನೇ ಮೆಹಮದ್ ಬಾಸ್ಫರಸ್‌ನ ಕಿರಿದಾದ ಜಾಗದಲ್ಲಿ ರುಮೇಲಿ ಹಿಸಾರಿ ಎಂಬ ಕೋಟೆಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿದ. ಕಪ್ಪು ಸಮುದ್ರದ ಕಡೆಯಿಂದ ಬರುವ ನೆರವು ನಿಂತಿತು. ಏಪ್ರಿಲ್‌ನಲ್ಲಿ ಮುತ್ತಿಗೆ ಶುರು. ಹಂಗೇರಿಯ ಓರ್ಬಾನ್ ಎರಕ ಹೊಯ್ದ ದೊಡ್ಡ ಫಿರಂಗಿ ಗೋಡೆಯನ್ನು ಬಡಿಯಿತು. ಸರಪಳಿ ಮಾತ್ರ ಬಿಡಲಿಲ್ಲ. ಏಪ್ರಿಲ್ 22ರಂದು ಮೆಹಮದ್ ಸರಪಳಿಯನ್ನು ಮುರಿಯಲೂ ಇಲ್ಲ, ದಾಟಲೂ ಇಲ್ಲ. ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಸುಮಾರು 70 ಹಡಗುಗಳನ್ನು ಗಲಾಟಾ ಗುಡ್ಡ ಹತ್ತಿಸಿ ಹಾಲಿಚ್‌ನೊಳಗೆ ಇಳಿಸಿಬಿಟ್ಟ. ನೋಡುನೋಡುತ್ತಿದ್ದಂತೆ ಬೀಗ ಹಾಕಿದ ಮನೆಯೊಳಗೆ ಕಳ್ಳ ಕೂತಿದ್ದ. ಮೇ 29ಕ್ಕೆ ನಗರ ಬಿತ್ತು. ಮೆಹಮದ್‌ಗೆ ಆಗ 21 ವರ್ಷ.

ಇವನ ಹೆಸರಿಗೆ ಅಂಟಿಕೊಂಡ ಒಂದು ಕಥೆ ವಿಜಯಪುರದವರೆಗೂ ಬರುತ್ತದೆ. ಪಟ್ಟಕ್ಕೆ ಬಂದ ಕೂಡಲೇ ಮೆಹಮದ್ ತನ್ನ ಎಳೆಯ ತಮ್ಮನನ್ನು ಕೊಲ್ಲಿಸಿದ. ಇದು ನಡೆದದ್ದೇ. ಇನ್ನೊಬ್ಬ ತಮ್ಮನನ್ನು ತಾಯಿ ಗುಟ್ಟಾಗಿ ವ್ಯಾಪಾರಿಯ ಕೈಗೊಪ್ಪಿಸಿ ಪಾರು ಮಾಡಿದಳು, ಅವನೇ ಮುಂದೆ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಎಂದು ವಿಜಯಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಇತಿಹಾಸಕಾರರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಆದರೆ ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಬಗ್ಗೆ ಅನುಮಾನ ಇಲ್ಲ. 1549ರಲ್ಲಿ ಅದನ್ನು ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಯಲ್ಲಿ ‘ರೂಮಿ’ ಎಂದಿದೆ. ರೂಮಿ ಅಂದರೆ ರೂಮ್ ನಾಡಿನವನು. ರೂಮ್ ಅಂದರೆ ರೋಮ್. ಇಟಲಿಯದಲ್ಲ, ಈ ಪೂರ್ವದ ರೋಮ್. ತುರ್ಕರು ಗೆದ್ದ ಮೇಲೂ ಆ ನೆಲಕ್ಕೆ ಹಳೆಯ ಹೆಸರೇ ಉಳಿದಿತ್ತು.

ಪೇಟೆಗೆ ಹೋಗುವುದು

ಹೆಸರಿನ ಮಾತು ಬಂತು. ಚಕ್ರವರ್ತಿ ಕಾನ್‌ಸ್ಟಂಟೈನ್‌ನಿಂದ ಬಂದ ಕಾನ್‌ಸ್ಟಾಂಟಿನೋಪಲ್ ಅನ್ನುವ ಹೆಸರನ್ನು ತೆಗೆದು ತುರ್ಕರು ಇಸ್ತಾಂಬುಲ್ ಎಂಬ ತಮ್ಮ ಹೆಸರು ಇಟ್ಟರು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ಇಸ್ತಾಂಬುಲ್ ಕೂಡ ಮೂಲದಲ್ಲಿ ಗ್ರೀಕ್ ಮಾತು. ‘ಇಸ್ ತಿನ್ ಪೋಲಿನ್’, ಅಂದರೆ ‘ಪೇಟೆಗೆ’. ಹಳ್ಳಿಯವರು ‘ಪೇಟೆಗೆ ಹೋಗಿ ಬರ್ತೀನಿ’ ಅಂದರೆ ಯಾವ ಪೇಟೆ ಅಂತ ಯಾರೂ ಕೇಳುವುದಿಲ್ಲ. ಹಾಗೆಯೇ ಇದು. ಹೊರದೇಶದವರೂ ಇದೇ ಹೆಸರು ಬಳಸಬೇಕು ಎಂದು ತುರ್ಕಿ ಗಟ್ಟಿಯಾಗಿ ಹೇಳಿದ್ದು 1930ರಲ್ಲಿ.

ಈ ಪೇಟೆಯಲ್ಲಿ ಯಾರ್ಯಾರಿದ್ದರು! ಗಲಾಟಾದಲ್ಲಿ ಜಿನೋವಾದ ವ್ಯಾಪಾರಿಗಳು, ಅವರು 1348ರಲ್ಲಿ ಕಟ್ಟಿದ ಗೋಪುರ ಈಗಲೂ ಇದೆ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಓಡಿಸಿದಾಗ ಸುಲ್ತಾನ್ 2ನೇ ಬಾಯಜೀದ್ ಅವರಿಗೆ ಜಾಗ ಕೊಟ್ಟ. ಅರ್ಮೇನಿಯನ್ನರು, ಗ್ರೀಕರು, ಅರಬರು, ಕುರ್ದರು. 19ನೇ ಶತಮಾನದ ಕೊನೆಯಲ್ಲೂ ನಗರದ ಸುಮಾರು ಅರ್ಧದಷ್ಟು ಜನ ಮುಸ್ಲಿಮರಲ್ಲ. ಪ್ರವಾಸದ ಜಾಹೀರಾತುಗಳು ಹೇಳುವ ‘ಸಂಸ್ಕೃತಿಗಳ ಸಂಗಮ’ ಇದೇ.

ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ, ಇತಿಹಾಸ ನಿಲ್ಲುವುದಿಲ್ಲ. 1915ರ ಏಪ್ರಿಲ್ 24ರಂದು ಅರ್ಮೇನಿಯನ್ ಬರಹಗಾರರನ್ನು, ಮುಖಂಡರನ್ನು ಹಿಡಿದು ಸಾಗಿಸಿದ್ದು ಇದೇ ನಗರದಿಂದ. 1942ರ ಆಸ್ತಿ ತೆರಿಗೆ ಮುಸ್ಲಿಮೇತರರ ಬೆನ್ನು ಮುರಿಯಿತು. 1955ರ ಸೆಪ್ಟೆಂಬರ್ 6ರ ರಾತ್ರಿ ಗುಂಪುಗಳು ಗ್ರೀಕರ ಅಂಗಡಿ, ಮನೆ, ಚರ್ಚುಗಳಿಗೆ ನುಗ್ಗಿದವು. 1964ರಲ್ಲಿ ಗ್ರೀಸ್ ಪೌರತ್ವ ಇದ್ದವರನ್ನು ಹೊರಗೆ ಕಳಿಸಿದರು. ಈಗ ಉಳಿದ ಗ್ರೀಕರು ಕೆಲವೇ ಸಾವಿರ. ಹಾಲಿಚ್ ದಡದ ಫೆನೇರ್, ಬಾಲಾತ್ ಬೀದಿಗಳಲ್ಲಿ ಬಣ್ಣಬಣ್ಣದ ಮನೆಗಳ ಮುಂದೆ ಸೆಲ್ಫಿ ತೆಗೆಯುವವರ ಸಾಲು ಇರುತ್ತದೆ. ಆ ಮನೆಗಳನ್ನು ಕಟ್ಟಿಕೊಂಡವರು ಎಲ್ಲಿ ಹೋದರು ಅನ್ನುವ ಪ್ರಶ್ನೆಯೂ ಅಲ್ಲೇ ನಿಂತಿರುತ್ತದೆ.

ಎಮಿನೊನು ದಕ್ಕೆಯ ಹತ್ತಿರ ಮಸಾಲೆ ಬಜಾರ್ ಇದೆ. ತುರ್ಕಿಯಲ್ಲಿ ಅದಕ್ಕೆ ‘ಮಿಸಿರ್ ಚಾರ್ಶಿಸಿ’, ಅಂದರೆ ಈಜಿಪ್ಟ್ ಬಜಾರ್. ಭಾರತದ ಪಶ್ಚಿಮ ಕರಾವಳಿಯ ಮೆಣಸು ಕೆಂಪು ಸಮುದ್ರ ಹತ್ತಿ ಈಜಿಪ್ಟ್ ಮೂಲಕ ಇಲ್ಲಿಗೆ ಬರುತ್ತಿತ್ತು. ಕಾಳುಮೆಣಸಿಗೆ ತುರ್ಕಿಯಲ್ಲಿ ‘ಕಾರಾಬಿಬೇರ್’. ಕಾರಾ ಅಂದರೆ ಕಪ್ಪು. ನಮ್ಮ ‘ಕರಿ’ಯ ಹಾಗೆ ಕೇಳಿಸುವುದು ಕಾಕತಾಳೀಯ. ಆದರೆ ಬಿಬೇರ್ ಕಾಕತಾಳೀಯ ಅಲ್ಲ. ಅದು ಗ್ರೀಕರ ಮೂಲಕ ಹೋದ ನಮ್ಮ ಪಿಪ್ಪಲಿ, ಅಂದರೆ ಹಿಪ್ಪಲಿ. ಸಕ್ಕರೆಗೆ ‘ಶೆಕೇರ್’. ಸೋಪಿಗೆ ‘ಸಾಬುನ್’. ಮೂಟೆ ಹೊರುವವನು ‘ಹಮಾಲ್’. ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಈ ಬಜಾರಿನಲ್ಲಿ ಅರ್ಧ ಮಾತು ಸುಮ್ನೆ ಅರ್ಥವಾದರೂ ಆಶ್ಚರ್ಯ ಇಲ್ಲ.

ಎಲ್ಲಿ ಹೋದರೂ ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಡುತ್ತಾರೆ. ಇದೇನೋ ಅನಾದಿ ಕಾಲದ ಪದ್ಧತಿ ಅನ್ನಿಸುತ್ತದೆ. ಅಲ್ಲ. ಕಾಫಿ ಹಳೆಯದು, 1550ರ ದಶಕದಲ್ಲೇ ಇಲ್ಲಿ ಕಾಫಿ ಅಂಗಡಿ ತೆರೆದವು. ಬೀಜ ಬರುತ್ತಿದ್ದದ್ದು ಯೆಮನ್‌ನಿಂದ. ನಮ್ಮ ಬಾಬಾಬುಡನ್‌ಗಿರಿಗೆ ಬಂದ ಬೀಜವೂ ಅಲ್ಲಿನದೇ ಅನ್ನುತ್ತದೆ ಐತಿಹ್ಯ. ಮೊದಲ ಮಹಾಯುದ್ಧದಲ್ಲಿ ಯೆಮನ್ ಕೈತಪ್ಪಿ ಕಾಫಿ ದುಬಾರಿಯಾದ ಮೇಲೆ, ಕಪ್ಪು ಸಮುದ್ರದ ದಡದ ರಿಜೆಯಲ್ಲಿ ಸರ್ಕಾರ ಚಹಾ ಬೆಳೆಸಿತು. ಚಹಾಕ್ಕೆ ಇಲ್ಲಿ ನೂರು ವರ್ಷವೂ ಸರಿಯಾಗಿ ತುಂಬಿಲ್ಲ.

ನಿಮ್ಮ ಬಾಣಲೆಗೂ ಬಾಸ್ಫರಸ್‌ಗೂ ಏನು ಸಂಬಂಧ

ಈ ನೀರಿನಲ್ಲಿ ಈಗ ವರ್ಷಕ್ಕೆ ಸುಮಾರು 40,000 ಹಡಗು ಓಡಾಡುತ್ತವೆ. ರಷ್ಯಾ, ಉಕ್ರೇನ್, ರೊಮೇನಿಯಾ, ಬಲ್ಗೇರಿಯಾ, ಜಾರ್ಜಿಯಾ ದೇಶಗಳ ಕಪ್ಪು ಸಮುದ್ರದ ಬಂದರುಗಳಿಂದ ಹೊರಟ ಹಡಗು ಮಹಾಸಾಗರಕ್ಕೆ ಬರಬೇಕಾದರೆ ಇದೊಂದೇ ಬಾಗಿಲು. ಅದರ ಕೀಲಿ ಯಾರ ಕೈಯಲ್ಲಿ ಎಂಬ ಜಗಳಕ್ಕೆ 1936ರ ಮಾಂಟ್ರೊ ಒಪ್ಪಂದ ಒಂದು ನೆಲೆ ಕೊಟ್ಟಿತು. ಅದರ ಸಾರ ಇಷ್ಟು: ಶಾಂತಿಕಾಲದಲ್ಲಿ ಸರಕಿನ ಹಡಗಿಗೆ ತಡೆ ಇಲ್ಲ. ಯುದ್ಧದ ಹಡಗಿಗೆ ನಿಯಮ ಉಂಟು. ಕಪ್ಪು ಸಮುದ್ರದ ದಡದವರಲ್ಲದ ದೇಶಗಳ ಯುದ್ಧನೌಕೆ ಒಳಗೆ ಹೋದರೆ 21 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಯುದ್ಧ ಬಂದಾಗ, ಹೊಡೆದಾಡುತ್ತಿರುವ ದೇಶಗಳ ಯುದ್ಧನೌಕೆಗೆ ತುರ್ಕಿ ಬಾಗಿಲು ಹಾಕಬಹುದು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಹಾಕಿತು ಕೂಡ.

ಭಾರತ ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ದೊಡ್ಡ ಪಾಲು ಉಕ್ರೇನ್, ರಷ್ಯಾಗಳದ್ದು. ಆ ಟ್ಯಾಂಕರ್‌ಗಳು ಈ ಕಡವಿನಲ್ಲೇ ಇಳಿಯಬೇಕು. 2022ರಲ್ಲಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರಿದ್ದು ನೆನಪಿದೆ ಅಲ್ವಾ?

ದಡದ ಜನರಿಗೂ ಈ ಹಡಗುಗಳ ಭಯ ಇದ್ದೇ ಇದೆ. 1979ರ ನವೆಂಬರ್‌ನಲ್ಲಿ ರೊಮೇನಿಯಾದ ತೈಲ ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ವಾರಗಟ್ಟಲೆ ಉರಿಯಿತು. ಅಡಿಯಲ್ಲಿರುವ ಭಯ ಅದಕ್ಕಿಂತ ದೊಡ್ಡದು. ಮೊದಲು ಹೇಳಿದ ಆ ಬಿರುಕು 1999ರ ಆಗಸ್ಟ್ 17ರಂದು ನಗರದ ಪೂರ್ವಕ್ಕೆ ಇಜ್ಮಿತ್ ಹತ್ತಿರ ಅಲುಗಿ, 17,000ಕ್ಕೂ ಹೆಚ್ಚು ಜನ ಸತ್ತರು. ಮರ್ಮರಾ ಅಡಿಯ ಭಾಗ ಇನ್ನೂ ಬಿಗಿದುಕೊಂಡಿದೆ. 2025ರ ಏಪ್ರಿಲ್ 23ರಂದು 6.2ರಷ್ಟು ಅಲುಗಿ ಒಂದೂವರೆ ಕೋಟಿ ಜನರ ಊರನ್ನು ಬೀದಿಗೆ ತಂದಿತು.

ಇಂಥ ಜಾಗದಲ್ಲೇ ಜಲಸಂಧಿಯ ತಳದಲ್ಲಿ ರೈಲು ಓಡಿಸಿದ್ದಾರೆ. ಅದು ಮರ್ಮರೈ, 2013ರಲ್ಲಿ ಶುರುವಾಯಿತು. ನೀರಿನ ಮಟ್ಟದಿಂದ ಸುಮಾರು 60 ಮೀಟರ್ ಕೆಳಗೆ ಕಾಂಕ್ರೀಟಿನ ಕೊಳವೆಗಳನ್ನು ಮುಳುಗಿಸಿ ಒಂದಕ್ಕೊಂದು ಜೋಡಿಸಿದ್ದಾರೆ. ಕೆಲಸ ಅಂದುಕೊಂಡದ್ದಕ್ಕಿಂತ ವರ್ಷಗಟ್ಟಲೆ ತಡ. ಕಾರಣ ಯೆನಿಕಪಿ ನಿಲ್ದಾಣಕ್ಕೆ ಅಗೆದಾಗ ಸಿಕ್ಕಿದ್ದು ಹೂಳು ತುಂಬಿ ಮುಚ್ಚಿಹೋಗಿದ್ದ ಹಳೆಯ ಬಂದರು. ಅದರೊಳಗೆ 37 ಹಡಗು. ಇನ್ನೂ ಕೆಳಗೆ, ಕೆಸರಿನಲ್ಲಿ ಮೂಡಿದ್ದ, ಸುಮಾರು 8,000 ವರ್ಷ ಹಿಂದಿನ ಮನುಷ್ಯರ ಹೆಜ್ಜೆ ಗುರುತುಗಳು.

ಹೋದಾಗ ಏನು ಮಾಡಬೇಕು

ನನ್ನ ಸಲಹೆ ಸಣ್ಣದು. ಪ್ರವಾಸಿಗರಿಗೆಂದೇ ಇರುವ ದುಬಾರಿ ಬಾಸ್ಫರಸ್ ಕ್ರೂಸ್ ಬಿಡಿ. ಇಸ್ತಾಂಬುಲ್‌ಕಾರ್ಟ್ ಎಂಬ ಕಾರ್ಡ್ ಸಿಗುತ್ತದೆ. ಬಸ್ಸು, ಮೆಟ್ರೊ, ಟ್ರಾಮ್, ಲಾಂಚು ಎಲ್ಲಕ್ಕೂ ಅದೊಂದೇ ಸಾಕು. ಬೆಳಿಗ್ಗೆ ಹಗಿಯಾ ಸೋಫಿಯಾ ಮತ್ತು ಸಿಸ್ಟರ್ನ್ ನೋಡಿ, ಮಧ್ಯಾಹ್ನ ಸುಲೇಮಾನಿಯೆಯ ಹಿತ್ತಲಲ್ಲಿ ಕೂತು ಹಾಲಿಚ್ ನೋಡಿ, ಸಂಜೆ ಎಮಿನೊನುವಿನಿಂದ ಕಡಿಕೊಯ್ ಲಾಂಚು ಹತ್ತಿ. ಆಫೀಸಿನಿಂದ ಮನೆಗೆ ಹೋಗುವವರು ಜೊತೆಗಿರುತ್ತಾರೆ. ಅವರಿಗೆ ಇದು ಖಂಡ ದಾಟುವುದಲ್ಲ, ಕೆಲಸ ಮುಗಿಸಿ ಹೋಗುವ ದಾರಿ. ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ ಒಂದು ಕೊಂಡಿಟ್ಟುಕೊಳ್ಳಿ, ಅದಕ್ಕೆ ಸಿಮಿತ್ ಅನ್ನುತ್ತಾರೆ. ಅರ್ಧ ನಿಮಗೆ, ಇನ್ನರ್ಧ ಹಿಂದೆ ಹಾರಿಬರುವ ಕಡಲಹಕ್ಕಿಗಳಿಗೆ. ಸುಮಾರು 20 ನಿಮಿಷದ ದಾರಿ. ಹಡಗು ಸೆಳವಿಗೆ ಅಡ್ಡಲಾಗಿ ಹೋಗುವಾಗ ಮೂತಿ ಸ್ವಲ್ಪ ವಾರೆಯಾಗುವುದನ್ನು ಗಮನಿಸಿ.

ಕಡಿಕೊಯ್ ಅಂದರೆ ಖಾಜಿಯ ಹಳ್ಳಿ. ಹಳೆಯ ಚಾಲ್ಸಿಡಾನ್ ಇದೇ, ಕುರುಡರ ಊರು. ದಕ್ಕೆಯಲ್ಲಿ ಇಳಿದು ದಡದ ಕಲ್ಲಿನ ಮೇಲೆ ಕೂತು ಪಶ್ಚಿಮಕ್ಕೆ ನೋಡಿ. ಸೂರ್ಯ ಇಳಿಯುವುದು ಸರಿಯಾಗಿ ಹಳೆಯ ನಗರದ ಬೆನ್ನಿಗೆ. ಹಗಿಯಾ ಸೋಫಿಯಾ, ಅದರ ಪಕ್ಕದ ಆರು ಮಿನಾರಿನ ಮಸೀದಿ, ನೆಲದ ಮೂತಿಯ ತುದಿಯ ಅರಮನೆ, ಎಲ್ಲ ಒಂದೇ ಸಾಲಿನಲ್ಲಿ ಕಪ್ಪಗೆ ನಿಲ್ಲುತ್ತವೆ. ಆ ದಡದಲ್ಲಿ ನಿಂತವರಿಗೆ ಈ ನೋಟ ಇಲ್ಲ. ಮೆಗಬಾಜಸ್ ಸಂಜೆ ಹೊತ್ತು ಈ ಕಡೆ ಬಂದಿರಲಿಲ್ಲವೋ ಏನೋ.

ಕೊನೆಯ ಲಾಂಚು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ತಪ್ಪಿದರೂ ಗಾಬರಿ ಬೇಡ, ಮರ್ಮರೈ ಇದೆ. ನೀರಿನಡಿ ನಾಲ್ಕು ನಿಮಿಷ, ಆ ಕಡೆ ಸಿರ್ಕೆಜಿ ನಿಲ್ದಾಣ.